ಮೆಹಂದಿಯಲ್ಲಿ ಬರೆದ ಮಾತು, ಯಾರೂ ಓದಲಾಗದ ಮಾತು

ಮೊರಾಕೊದ ಕಲಾವಿದೆ ಲಲ್ಲಾ ಎಸ್ಸಾಯ್ದಿ ಫೋಟೊ, ಬಟ್ಟೆ, ಮೆಹಂದಿ, ಅಕ್ಷರ ಎಲ್ಲವನ್ನೂ ಬೆರೆಸಿ ‘ನಾನು ಯಾರು?’ ಅಂತ ಕೇಳುತ್ತಾರೆ. ಉತ್ತರ ನಮಗೆ ಅಷ್ಟು ಸುಲಭವಾಗಿ ಸಿಗದಂತೆಯೂ ನೋಡಿಕೊಳ್ಳುತ್ತಾರೆ!

ಫೋನಿನಲ್ಲಿ ಲಲ್ಲಾ ಎಸ್ಸಾಯ್ದಿ ಅವರ ಒಂದು ಫೋಟೊ ಕಣ್ಣಿಗೆ ಬಿದ್ದರೆ ಮೊದಲು ಅನ್ನಿಸೋದು ಇಷ್ಟೇ: ಅಬ್ಬಾ, ಎಷ್ಟು ಚೆನ್ನಾಗಿದೆ! ಬೆಣ್ಣೆ ಬಣ್ಣದ ಬಟ್ಟೆ, ಅದರ ತುಂಬಾ ಕಂದು ಬಣ್ಣದ ಸಣ್ಣ ಸಣ್ಣ ಕುಸುರಿ, ನಡುವೆ ಸುಮ್ಮನೆ ಕೂತ ಒಬ್ಬ ಹೆಂಗಸು. ಯಾರದೋ ಮದುವೆಯ ಮೆಹಂದಿ ಫೋಟೊಶೂಟ್ ಇರಬೇಕು ಅಂದುಕೊಂಡು ಮುಂದಕ್ಕೆ ಸ್ಕ್ರೋಲ್ ಮಾಡಿಬಿಡಬಹುದು.

ಸ್ವಲ್ಪ ತಡೆಯಿರಿ. ಎರಡು ಬೆರಳಿಟ್ಟು ಜೂಮ್ ಮಾಡಿ. ಅದು ಹೂವು, ಬಳ್ಳಿ, ನವಿಲು ಯಾವುದೂ ಅಲ್ಲ. ಅಕ್ಷರ! ಅರಬಿ ಅಕ್ಷರಗಳ ಸಾಲು. ಬಟ್ಟೆಯ ಮೇಲೆ, ಗೋಡೆಯ ಮೇಲೆ, ನೆಲದ ಮೇಲೆ, ಆಕೆಯ ಕೆನ್ನೆ, ಕೈ, ಪಾದದ ಮೇಲೆ. ಒಂದಿಂಚು ಜಾಗ ಖಾಲಿ ಬಿಟ್ಟಿಲ್ಲ. ಏನು ಬರೆದಿದ್ದಾರೆ ಅಂತ ಅರಬಿ ಬಲ್ಲವರನ್ನೇ ಕೇಳಿದರೂ ಪೂರ್ತಿ ಹೇಳಲಾರರು. ಬಟ್ಟೆಯ ಮಡಿಕೆಯಲ್ಲಿ ಕೆಲವು ಸಾಲು ಮರೆಯಾಗಿದೆ, ಕೆಲವು ಒಂದರೊಳಗೊಂದು ಸೇರಿಕೊಂಡಿದೆ. ಸಲೀಸಾಗಿ ಓದಿಬಿಡಬಾರದು ಅಂತಲೇ ಬರೆದದ್ದು ಅದು.

ತಿಂಗಳುಗಟ್ಟಲೆ ಕೂತು ಬರೆದು, ಕೊನೆಗೆ ಓದಲು ಬಿಡದೇ ಇರೋದು ಅಂದ್ರೆ ಏನರ್ಥ? ಈ ಪ್ರಶ್ನೆಯ ಹಿಂದೆ ಒಬ್ಬ ಹೆಣ್ಣುಮಗಳ ಬದುಕಿದೆ. ಯುರೋಪಿನ ಹಳೆಯ ಚಿತ್ರಕಾರರ ಜೊತೆ ಆಕೆ ಹೂಡಿದ ಒಂದು ದೊಡ್ಡ ಜಗಳವೂ ಇದೆ.

ಮರಕೇಶ್‌ನಿಂದ ಬೋಸ್ಟನ್‌ಗೆ

ಎಸ್ಸಾಯ್ದಿ ಹುಟ್ಟಿದ್ದು 1956ರಲ್ಲಿ, ಮೊರಾಕೊದ ಮರಕೇಶ್ ನಗರದಲ್ಲಿ. 1912ರಿಂದ ಫ್ರೆಂಚರ ಹಿಡಿತದಲ್ಲಿದ್ದ ಮೊರಾಕೊ ಸ್ವತಂತ್ರವಾದದ್ದೂ ಅದೇ ವರ್ಷ. ಅಂದರೆ ದೇಶದ ಸ್ವಾತಂತ್ರ್ಯಕ್ಕೂ ಇವರಿಗೂ ಒಂದೇ ವಯಸ್ಸು. ಅಂದಹಾಗೆ, ‘ಲಲ್ಲಾ’ ಅನ್ನೋದು ಮೊರಾಕೊದಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತೂ ಹೌದು. ನಾವು ‘ಅಮ್ಮಾವ್ರು’ ಅನ್ನೋ ಹಾಗೆ.

ಹದಿನಾರನೇ ವಯಸ್ಸಿಗೆ ಓದಲು ಪ್ಯಾರಿಸ್‌ಗೆ ಹೋದರು. ವಾಪಸ್ ಬಂದು ಮದುವೆಯಾಗಿ ಸೌದಿ ಅರೇಬಿಯಾಕ್ಕೆ ಹೋದರು. ಇಬ್ಬರು ಮಕ್ಕಳಾದರು. ಮುಂದೆ ವಿಚ್ಛೇದನವೂ ಆಯ್ತು. 1990ರ ದಶಕದ ಶುರುವಿನಲ್ಲಿ ಮತ್ತೆ ಪ್ಯಾರಿಸ್ ಸೇರಿ, ಅಲ್ಲಿನ ಹೆಸರಾಂತ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಕಲಿತರು. 1996ರಲ್ಲಿ ಅಮೆರಿಕದ ಬೋಸ್ಟನ್‌ಗೆ ಬಂದರು. 1999ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಪದವಿ, 2003ರಲ್ಲಿ ಬೋಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಕಲಾಶಾಲೆಯಿಂದ ಸ್ನಾತಕೋತ್ತರ ಪದವಿ.

ಲೆಕ್ಕ ಹಾಕಿ ನೋಡಿ. ಸ್ನಾತಕೋತ್ತರ ಪದವಿ ಕೈಗೆ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಮೂವತ್ತಕ್ಕೇ ‘ಲೇಟಾಯ್ತು’ ಅಂತ ಕೊರಗುವ ನಮ್ಮಂಥವರು ಇದನ್ನೊಂದು ಕಡೆ ಬರೆದಿಟ್ಟುಕೊಳ್ಳಬಹುದು.

ಈ ಓಡಾಟದಲ್ಲಿ ಒಂದು ವಿಚಿತ್ರ ಇದೆ. ಮರಕೇಶ್‌ನಲ್ಲಿ ಆಕೆ ಒಂದು ಸಂಪ್ರದಾಯಸ್ಥ ಮನೆಯ ಮಗಳು. ಸೌದಿಯಲ್ಲಿ ಹೆಂಡತಿ, ತಾಯಿ. ಪ್ಯಾರಿಸ್, ಬೋಸ್ಟನ್‌ಗೆ ಬಂದರೆ ‘ಅರಬ್ ಮುಸ್ಲಿಂ ಹೆಂಗಸು’. ಪ್ರತಿ ಊರಿನಲ್ಲೂ ಆಕೆ ಯಾರು ಅಂತ ಆಕೆಗಿಂತ ಮೊದಲು ಬೇರೆಯವರೇ ತೀರ್ಮಾನ ಮಾಡಿಟ್ಟಿರುತ್ತಿದ್ದರು. ಮೊದಲು ಬಣ್ಣದ ಚಿತ್ರ ಬರೆಯುತ್ತಿದ್ದ ಎಸ್ಸಾಯ್ದಿ ಆಮೇಲೆ ಕ್ಯಾಮೆರಾ ಹಿಡಿದರು. ಕ್ಯಾಮೆರಾ ಹಿಡಿದು ಹೋದದ್ದು ಎಲ್ಲಿಗೆ ಅಂತೀರಿ? ಬಾಲ್ಯದ ಒಂದು ಮನೆಗೆ.

ಮಾತಿಲ್ಲದ ಮನೆ

ಎಸ್ಸಾಯ್ದಿ ಕುಟುಂಬಕ್ಕೆ ಸೇರಿದ ಒಂದು ದೊಡ್ಡ ಮನೆ ಮೊರಾಕೊದಲ್ಲಿ ಖಾಲಿ ಬಿದ್ದಿತ್ತು. ಮನೆಯ ಹೆಣ್ಣುಮಗಳು ಮಾತು ಕೇಳದಿದ್ದರೆ, ಹಾಕಿದ ಗೆರೆ ದಾಟಿದರೆ, ಅವಳನ್ನು ಆ ಮನೆಗೆ ಕಳಿಸುತ್ತಿದ್ದರು. ಜೊತೆಗೆ ಕೆಲಸದವರು ಮಾತ್ರ. ಒಂದು ತಿಂಗಳು ಅಲ್ಲಿರಬೇಕು, ಮಾತಿಲ್ಲದೆ. ಬೈಗುಳ ಇಲ್ಲ, ಹೊಡೆತ ಇಲ್ಲ. ಮೌನವೇ ಶಿಕ್ಷೆ.

2002ರಿಂದ 2004ರವರೆಗೆ ಮಾಡಿದ ‘ಕನ್ವರ್ಜಿಂಗ್ ಟೆರಿಟರೀಸ್’ ಸರಣಿಯ ಫೋಟೊಗಳನ್ನು ಎಸ್ಸಾಯ್ದಿ ತೆಗೆದದ್ದು ಅದೇ ಮನೆಯಲ್ಲಿ. ಪರಿಚಯದ ಹೆಂಗಸರನ್ನು, ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗೋಡೆಗೆ, ನೆಲಕ್ಕೆ ಬಿಳಿ ಬಟ್ಟೆ ಹೊದಿಸಿದರು. ಆ ಬಟ್ಟೆಯ ತುಂಬಾ ಬರೆದರು. ಹೆಂಗಸರ ಮೈಮೇಲೂ ಬರೆದರು. ಮಾತಾಡಬಾರದು ಅಂತ ಕಳಿಸುತ್ತಿದ್ದ ಮನೆಯಲ್ಲಿ ಈಗ ಮಾತಿಲ್ಲದ ಒಂದು ಮೂಲೆಯೂ ಉಳಿಯಲಿಲ್ಲ!

ಈ ಸರಣಿಯ ಒಂದು ಫೋಟೊದಲ್ಲಿ ನಾಲ್ವರು ಸಾಲಾಗಿದ್ದಾರೆ. ಒಂದು ತುದಿಯಲ್ಲಿ ಪುಟ್ಟ ಹುಡುಗಿ, ಇನ್ನೊಂದು ತುದಿಗೆ ಪೂರ್ತಿ ಮುಸುಕು ಹೊದ್ದ ಹೆಂಗಸು. ವಯಸ್ಸು ಏರಿದಂತೆ ಬಟ್ಟೆ ಮೈಯನ್ನು ಮುಚ್ಚುತ್ತಾ ಹೋಗುತ್ತದೆ. ಇದನ್ನು ಒಂದೇ ಜೀವದ ನಾಲ್ಕು ಘಟ್ಟ ಅಂತಲೂ ನೋಡಬಹುದು. ವಿವರಣೆ ಬೇಕಿಲ್ಲ. ಯಾವ ಊರಿನ ಹೆಣ್ಣುಮಕ್ಕಳಿಗಾದರೂ ಅರ್ಥವಾಗುತ್ತೆ.

ಇದೇ ಹೊತ್ತಿಗೆ ಮೊರಾಕೊದ ಕಾನೂನಿನಲ್ಲೂ ಗಾಳಿ ಬದಲಾಗುತ್ತಿತ್ತು. 2004ರಲ್ಲಿ ಬಂದ ಹೊಸ ಕೌಟುಂಬಿಕ ಕಾನೂನು ಹೆಣ್ಣಿನ ಮದುವೆ ವಯಸ್ಸನ್ನು 15ರಿಂದ 18ಕ್ಕೆ ಏರಿಸಿತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಅನ್ನುವ ಹಳೆಯ ನಿಯಮವನ್ನೂ ತೆಗೆಯಿತು. ಮಾತು ಕೇಳದ ಹುಡುಗಿಯರನ್ನು ಕಳಿಸುತ್ತಿದ್ದ ಮನೆಯಲ್ಲಿ ಎಸ್ಸಾಯ್ದಿ ಫೋಟೊ ತೆಗೆಯುತ್ತಿದ್ದ ಕಾಲ ಅದು.

ಗಂಡಸರ ಅಕ್ಷರ, ಹೆಂಗಸರ ಮೆಹಂದಿ

ಮೆಹಂದಿ ಅಂದ್ರೆ ನಮಗೆ ಹೊಸದಲ್ಲ. ಕರಾವಳಿ, ಮಲೆನಾಡಿನಲ್ಲಿ ಮದರಂಗಿ, ಬೇರೆ ಕಡೆ ಗೋರಂಟಿ. ಎಲೆ ಅರೆದು ಅಂಗೈಗೆ ಹಚ್ಚಿಕೊಂಡು, ಕೈ ಅಲ್ಲಾಡಿಸದೆ ಕೂತು, ಬೆಳಗ್ಗೆ ಯಾರ ಕೈ ಹೆಚ್ಚು ಕೆಂಪಾಗಿದೆ ಅಂತ ಹೋಲಿಸಿ ನೋಡಿದವರೇ ನಾವೆಲ್ಲ. ಮೊರಾಕೊದಲ್ಲೂ ಅದು ಹೆಂಗಸರ ಲೋಕಕ್ಕೆ ಸೇರಿದ್ದು. ಹುಡುಗಿ ದೊಡ್ಡವಳಾದಾಗ, ಮದುವೆಯಾಗುವಾಗ, ಮೊದಲ ಮಗು ಹುಟ್ಟಿದಾಗ ಮೆಹಂದಿ ಹಚ್ಚುತ್ತಾರೆ. ಹೆಣ್ಣಿನ ಬದುಕಿನ ಒಂದೊಂದು ತಿರುವಿಗೂ ಅದರ ಗುರುತು.

ಕ್ಯಾಲಿಗ್ರಫಿ ಅಂದರೆ ಅಕ್ಷರಕಲೆಯ ಕಥೆ ಬೇರೆ. ಇಸ್ಲಾಮಿ ಲೋಕದಲ್ಲಿ ಅದು ಬಹಳ ದೊಡ್ಡ ಕಲೆ. ಧರ್ಮಗ್ರಂಥ ಬರೆಯುವ, ಮಸೀದಿಯ ಗೋಡೆ ಸಿಂಗರಿಸುವ ಕಲೆ. ಸಂಪ್ರದಾಯದಲ್ಲಿ ಅದು ಹೆಚ್ಚಾಗಿ ಗಂಡಸರ ಕೈಯಲ್ಲೇ ಇತ್ತು.

ಎಸ್ಸಾಯ್ದಿ ಮಾಡಿದ್ದೇನು ಗೊತ್ತಾ? ಗಂಡಸರ ಅಕ್ಷರವನ್ನು ಹೆಂಗಸರ ಮೆಹಂದಿಯಲ್ಲಿ ಬರೆದುಬಿಟ್ಟರು. ಕೇಳೋಕೆ ಚಿಕ್ಕ ವಿಷಯ. ಆದರೆ ದರ್ಬಾರಿನ ಕಲೆ ಹಿತ್ತಲಿಗೆ ಬಂತು, ಹಿತ್ತಲಿನ ಕಲೆ ದರ್ಬಾರಿಗೆ ಹೋಯಿತು. ಎರಡರ ನಡುವಿನ ಗೋಡೆ ಅಲ್ಲಿಗೆ ಬಿತ್ತು.

ಬರೆದಿರೋದು ಏನನ್ನು? ಧರ್ಮಗ್ರಂಥದ ಸಾಲುಗಳೇನೂ ಅಲ್ಲ. ಅವರದೇ ದಿನಚರಿ, ಅವರದೇ ಯೋಚನೆ. ನೆನಪು, ಬಿಡುಗಡೆ, ತಾನು ಯಾರು ಅನ್ನೋ ಗೊಂದಲ, ಇಂಥವು. ಒಂದು ತರಹದಲ್ಲಿ ಇದು ಆತ್ಮಕಥೆಯೇ. ಆದರೆ ಪುಸ್ತಕದಂಗಡಿಯಲ್ಲಿ ಸಿಗದ, ಸಿಕ್ಕರೂ ಓದಲಾಗದ ಆತ್ಮಕಥೆ.

ಒಂದು ಕ್ಲಿಕ್‌ಗೆ ತಿಂಗಳುಗಳ ಕೆಲಸ

ಕಂಪ್ಯೂಟರಿನಲ್ಲಿ ಅಕ್ಷರ ಅಂಟಿಸಿದ್ದಾರೆ ಅಂತ ಅಂದುಕೊಂಡರೆ ತಪ್ಪು. ಮೀಟರುಗಟ್ಟಲೆ ಬಟ್ಟೆಯ ಮೇಲೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಅದಕ್ಕೇ ತಿಂಗಳುಗಳು ಹಿಡಿಯುತ್ತೆ. ಮೆಹಂದಿ ತುಂಬಿಕೊಳ್ಳೋದು ಸಿರಿಂಜ್‌ಗೆ. ನಾವು ಕೋನ್ ಹಿಡಿದಂತೆ ಅವರು ಸಿರಿಂಜ್ ಹಿಡಿಯುತ್ತಾರೆ.

ಫೋಟೊ ತೆಗೆಯುವ ದಿನ ಇನ್ನೊಂದು ಸುತ್ತು. ಮುಖ, ಕೈ, ಕಾಲಿನ ಮೇಲೆ ಬರೆಯಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಆ ಹೆಂಗಸರು ಅಲುಗಾಡದೆ ಕೂರಬೇಕು. ದುಡ್ಡು ಕೊಟ್ಟು ಕರೆಸಿದ ಮಾಡೆಲ್‌ಗಳಲ್ಲ ಇವರು, ನೆಂಟರು, ಗೆಳತಿಯರು, ಪರಿಚಯದವರು. ಏನು ಮಾಡುತ್ತಿದ್ದೇವೆ ಅಂತ ಗೊತ್ತಿದ್ದೇ ಬಂದವರು. ಹೀಗೆ ಹೆಂಗಸರೇ ಕೂಡಿ, ಹರಟುತ್ತಾ, ಒಬ್ಬರ ಕೈಗೊಬ್ಬರು ಮೆಹಂದಿ ಹಚ್ಚುವ ಮನೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಫೋಟೊ ಮಾತ್ರ ಮೌನ, ಅದರ ಹಿಂದಿನ ದಿನ ಮೌನವಲ್ಲ.

ಕ್ಯಾಮೆರಾ ದೊಡ್ಡ ಅಳತೆಯದು, ಫಿಲ್ಮ್ ಹಾಕುವಂಥದ್ದು. ಪ್ರಿಂಟ್‌ಗಳೂ ದೊಡ್ಡವು. ಕೆಲವು ಮೂರು ಹಲಗೆಗಳಾಗಿ ಗೋಡೆ ತುಂಬಾ ಹರಡಿಕೊಳ್ಳುತ್ತವೆ. ಫಿಲ್ಮಿನ ಕಪ್ಪು ಅಂಚನ್ನು ಎಸ್ಸಾಯ್ದಿ ಕತ್ತರಿಸುವುದಿಲ್ಲ, ಹಾಗೇ ಬಿಡುತ್ತಾರೆ. ಇದು ಯಾರದೋ ಮನೆಯೊಳಗೆ ಕದ್ದು ನೋಡಿದ ದೃಶ್ಯ ಅಲ್ಲ, ಕೂತು ಕಟ್ಟಿದ ಚಿತ್ರ ಅಂತ ಆ ಅಂಚು ನೆನಪಿಸುತ್ತೆ.

ಇನ್ನೊಂದು ಮಾತು. ಮೈಮೇಲಿನ ಮೆಹಂದಿ ಎರಡು-ಮೂರು ವಾರದಲ್ಲಿ ಮಾಸಿಹೋಗುತ್ತದೆ. ಆ ಹೆಂಗಸರ ಕೈಮೇಲೆ ಬರೆದ ಸಾಲುಗಳೂ ಹಾಗೇ ಮಾಸಿದವು. ಉಳಿದದ್ದು ಫೋಟೊದಲ್ಲಿ ಮಾತ್ರ. ಬರವಣಿಗೆ, ಬಟ್ಟೆ, ಮೈ, ಮನೆ, ಕ್ಯಾಮೆರಾ ಇವಿಷ್ಟರಲ್ಲಿ ಯಾವುದೊಂದನ್ನು ತೆಗೆದರೂ ಕೃತಿ ನಿಲ್ಲುವುದಿಲ್ಲ. ‘ಮಿಕ್ಸೆಡ್ ಮೀಡಿಯಾ’ ಅಂತ ಗ್ಯಾಲರಿಗಳಲ್ಲಿ ಬರೆದಿರ್ತಾರಲ್ಲ, ಅದು ಇಲ್ಲಿ ಬರೀ ಸಾಮಗ್ರಿಯ ಪಟ್ಟಿಯಲ್ಲ.

ಕಾಣದ ಅಂತಃಪುರದ ಚಿತ್ರ ಬರೆದವರು

ಈಗ ಜಗಳದ ವಿಷಯಕ್ಕೆ ಬರೋಣ.

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ‘ಲಾ ಗ್ರಾಂದ್ ಒಡಲಿಸ್ಕ್’ ಅನ್ನೋ ಪ್ರಸಿದ್ಧ ಚಿತ್ರವಿದೆ. 1814ರಲ್ಲಿ ಆಂಗ್ರ್ ಎಂಬ ಫ್ರೆಂಚ್ ಕಲಾವಿದ ಬರೆದದ್ದು. ಬತ್ತಲೆ ಹೆಂಗಸೊಬ್ಬಳು ಮೆತ್ತೆಯ ಮೇಲೆ ಒರಗಿ, ನಮ್ಮ ಕಡೆ ಬೆನ್ನು ಹಾಕಿ, ಹೊರಳಿ ನೋಡುತ್ತಿದ್ದಾಳೆ. ಕೈಯಲ್ಲಿ ನವಿಲುಗರಿಯ ಬೀಸಣಿಗೆ. ಸುಲ್ತಾನನ ಅಂತಃಪುರದ ಹೆಂಗಸು ಅಂತ ಲೆಕ್ಕ. ಬೆನ್ನು ಎಷ್ಟು ಉದ್ದ ಅಂದರೆ, ಬೆನ್ನುಮೂಳೆಗೆ ಒಂದೆರಡು ಮಣಿ ಹೆಚ್ಚಿಗೆ ಸೇರಿಸಿದ್ದಾನೆ ಅಂತ ಆಗಲೇ ಟೀಕೆ ಬಂದಿತ್ತು. ಆಂಗ್ರ್ ಯಾವತ್ತೂ ಪೂರ್ವದ ದೇಶಗಳಿಗೆ ಹೋದವನಲ್ಲ. ಕಾಣದ ಅಂತಃಪುರವನ್ನು, ಕಾಣದ ಹೆಂಗಸನ್ನು ಮನಸ್ಸಿಗೆ ಬಂದಂತೆ ಬರೆದ.

ದೆಲಕ್ರುವಾ ಎಂಬ ಇನ್ನೊಬ್ಬ ಕಲಾವಿದ ಮಾತ್ರ ಹೋಗಿ ಬಂದಿದ್ದ. 1832ರಲ್ಲಿ ಫ್ರೆಂಚ್ ರಾಯಭಾರಿ ತಂಡದ ಜೊತೆ ಮೊರಾಕೊ ಸುತ್ತಿ, ಅಲ್ಜಿಯರ್ಸ್‌ನಲ್ಲೂ ಕೆಲವು ದಿನ ಇದ್ದ. 1834ರಲ್ಲಿ ‘ಅಲ್ಜಿಯರ್ಸ್‌ನ ಹೆಂಗಸರು’ ಅನ್ನುವ ಚಿತ್ರ ಬರೆದ. ಆಮೇಲೆ ಇಂಥ ಚಿತ್ರಗಳ ಸುಗ್ಗಿಯೇ ಶುರುವಾಯ್ತು. ಹುಕ್ಕಾ, ರತ್ನಗಂಬಳಿ, ಸ್ನಾನದ ಕೊಳ, ಸೋಮಾರಿಯಾಗಿ ಒರಗಿದ ಹೆಂಗಸರು. ಯುರೋಪಿನ ಎಷ್ಟೋ ಜನರ ಪಾಲಿಗೆ ಅರಬ್ ಹೆಂಗಸು ಅಂದ್ರೆ ಅದೇ ಆಗಿಹೋಯ್ತು. ಪೂರ್ವವನ್ನು ಹೀಗೆ ಕಲ್ಪಿಸಿಕೊಂಡು, ಆ ಕಲ್ಪನೆಯನ್ನೇ ಸತ್ಯ ಅಂತ ನಂಬಿಸಿದ ಪರಿಯ ಬಗ್ಗೆ ಎಡ್ವರ್ಡ್ ಸಯೀದ್ 1978ರಲ್ಲಿ ‘ಓರಿಯೆಂಟಲಿಸಂ’ ಎಂಬ ಪುಸ್ತಕವನ್ನೇ ಬರೆದರು.

ನಿಜವಾದ ‘ಹರಂ’ ಏನು? ಹೊರಗಿನ ಗಂಡಸರಿಗೆ ಪ್ರವೇಶವಿಲ್ಲದ, ಮನೆಯ ಒಳಭಾಗ ಅಷ್ಟೇ. ಅಜ್ಜಿ, ಅತ್ತೆ, ಸೊಸೆ, ಮಕ್ಕಳು, ಅಡುಗೆ, ಜಗಳ, ಕಥೆ ಎಲ್ಲ ಇದ್ದ ಜಾಗ. ಫೆಜ್ ನಗರದಲ್ಲಿ ಅಂಥದ್ದೇ ಮನೆಯಲ್ಲಿ ಬೆಳೆದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ 1994ರಲ್ಲಿ ಆ ಬಾಲ್ಯದ ಬಗ್ಗೆ ಪುಸ್ತಕ ಬರೆದು ಜಗತ್ತಿಗೆ ಪರಿಚಯಿಸಿದ್ದರು. ಅಲ್ಲಿ ಕಟ್ಟುಪಾಡು ಇತ್ತು, ಉಸಿರುಗಟ್ಟುವಷ್ಟು ಇತ್ತು. ಆದರೆ ಆಂಗ್ರ್ ಬರೆದದ್ದು ಇರಲಿಲ್ಲ.

ಎಸ್ಸಾಯ್ದಿ ಈ ಹಳೆಯ ಚಿತ್ರಗಳನ್ನೇ ಮತ್ತೆ ಎತ್ತಿಕೊಂಡರು. 2005ರಿಂದ ಮಾಡಿದ ‘ಲೆ ಫಾಮ್ ದ್ಯು ಮರೋಕ್’, ಅಂದರೆ ‘ಮೊರಾಕೊದ ಹೆಂಗಸರು’ ಸರಣಿಯ ಹೆಸರೇ ದೆಲಕ್ರುವಾಗೆ ಕೊಟ್ಟ ಉತ್ತರದಂತಿದೆ. ಅದರಲ್ಲಿ 2008ರ ಒಂದು ಫೋಟೊದ ಹೆಸರು ‘ಲಾ ಗ್ರಾಂದ್ ಒಡಲಿಸ್ಕ್’. ಅದೇ ಭಂಗಿ, ಅದೇ ಹೊರಳಿ ನೋಡುವ ನೋಟ. ಆದರೆ ನವಿಲುಗರಿ ಇಲ್ಲ, ರೇಷ್ಮೆ ಪರದೆ ಇಲ್ಲ, ಮನ ಸೆಳೆಯುವ ಬಣ್ಣಗಳಿಲ್ಲ. ಮೈಗೆ ಬಿಳಿ ಬಟ್ಟೆ ಸುತ್ತಿದೆ. ಬಟ್ಟೆಯ ಮೇಲೆ, ಚರ್ಮದ ಮೇಲೆ, ಅಂಗಾಲಿನ ಮೇಲೆ ಕೂಡ ಅಕ್ಷರ. ಮೈ ನೋಡಲು ಬಂದ ಕಣ್ಣು ಮೊದಲು ಅಕ್ಷರಕ್ಕೆ ಎಡವುತ್ತದೆ. ಓದಲು ಹೋದರೆ ಓದಲಾಗುವುದಿಲ್ಲ. ಆಕೆ ಮಾತ್ರ ನಮ್ಮನ್ನು ನೋಡುತ್ತಲೇ ಇದ್ದಾಳೆ.

ಓದಲಾಗದ ಹಾಗೆ ಯಾಕೆ ಬರೆದರು ಅನ್ನೋದು ಇಲ್ಲಿ ಹೊಳೆಯುತ್ತೆ. ಎಲ್ಲರೂ ಆಕೆಯನ್ನು ‘ಓದಿ ಮುಗಿಸಿದ್ದೇವೆ’ ಅಂದುಕೊಂಡಿದ್ದರು. ಕಲಾವಿದರು, ಪ್ರವಾಸಿಗಳು, ಮನೆಯ ಹಿರಿಯರು, ಎಲ್ಲರೂ. ಅವಳು ಈಗ ತನ್ನ ಕಥೆಯನ್ನು ಎದುರಿಗೇ ಬಿಚ್ಚಿಟ್ಟಿದ್ದಾಳೆ. ‘ಇದೆ, ಆದರೆ ಪೂರ್ತಿ ನಿಮಗಲ್ಲ’ ಅನ್ನುವ ಹಾಗೆ.

ಗೋಡೆಯೊಳಗೆ ಕರಗಿದವರು, ಗುಂಡಿನ ಒಡವೆ ತೊಟ್ಟವರು

ಮುಂದಿನ ಸರಣಿ ‘ಹರಂ’, 2009ರದ್ದು. ಜಾಗ ಮರಕೇಶ್‌ನ ದಾರ್ ಎಲ್ ಬಾಶಾ ಅರಮನೆ. ಥಾಮಿ ಎಲ್ ಗ್ಲಾವಿ ಎಂಬ ಪ್ರಬಲ ಪಾಶಾ ಕಟ್ಟಿಸಿದ್ದು. ನೆಲ, ಗೋಡೆ ಎಲ್ಲ ‘ಜೆಲ್ಲೀಜ್’ ಎಂಬ ಬಣ್ಣಬಣ್ಣದ ಟೈಲ್ಸ್ ಕೆಲಸ. ಎಸ್ಸಾಯ್ದಿ ಗೋಡೆಯ ಅದೇ ವಿನ್ಯಾಸದ ಬಟ್ಟೆ ಮಾಡಿಸಿ ಹೆಂಗಸರಿಗೆ ಉಡಿಸಿದರು. ಫೋಟೊದಲ್ಲಿ ಗೋಡೆ ಎಲ್ಲಿ ಮುಗಿಯಿತು, ಹೆಂಗಸು ಎಲ್ಲಿ ಶುರುವಾದಳು ಅಂತ ಹುಡುಕಬೇಕು! ಮನೆಯನ್ನು ಸಿಂಗರಿಸುತ್ತಾ ಸಿಂಗರಿಸುತ್ತಾ ತಾನೇ ಮನೆಯ ಅಲಂಕಾರವಾಗಿ ಹೋದವಳ ಕಥೆ ಅದು.

‘ಬುಲೆಟ್ಸ್’ ಸರಣಿಗೆ ಬಂದರೆ ಮೆಹಂದಿಯ ಜೊತೆ ಇನ್ನೊಂದು ವಸ್ತು ಸೇರುತ್ತೆ. 2012ರ ‘ಬುಲೆಟ್ಸ್ ರಿವಿಸಿಟೆಡ್’ನ ಒಂದು ದೊಡ್ಡ ಫೋಟೊದಲ್ಲಿ ಹೆಂಗಸೊಬ್ಬಳು ಬಂಗಾರದ ಒಡವೆಯಲ್ಲೇ ಮುಳುಗಿದಂತೆ ಮಲಗಿದ್ದಾಳೆ. ಹತ್ತಿರ ಹೋದರೆ ಅದು ಬಂಗಾರವಲ್ಲ. ಬಂದೂಕಿನ ಗುಂಡಿನ ಹಿತ್ತಾಳೆ ಕವಚಗಳು. ಅವನ್ನೇ ಕತ್ತರಿಸಿ, ಪೋಣಿಸಿ ಹಾಸಿಗೆ, ಉಡುಪು, ಆಭರಣ ಮಾಡಿದ್ದಾರೆ. ಅರಬ್ ದೇಶಗಳ ಬೀದಿಗಳಲ್ಲಿ ಜನ ಬದಲಾವಣೆಗೆ ಎದ್ದು ನಿಂತಿದ್ದ ಕಾಲ ಅದು. ಆ ಬದಲಾವಣೆ ಹೆಂಗಸರಿಗೆ ಏನು ತಂದೀತು, ಏನು ಕಸಿದೀತು ಅನ್ನೋ ಭಯ ಆ ಹೊಳಪಿನ ಒಳಗಿದೆ.

ಅದೇ 2012ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಕಲಾ ಮ್ಯೂಸಿಯಂ ‘ರಿವಿಷನ್ಸ್’ ಹೆಸರಿನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿತು.

ಇಷ್ಟೊಂದು ಚಂದ ಇರಬೇಕಿತ್ತಾ?

ಎಲ್ಲರೂ ಹೊಗಳುತ್ತಾರೆ ಅಂತೇನಿಲ್ಲ. ಒಂದು ಗಟ್ಟಿ ಆಕ್ಷೇಪ ಇದೆ. ಯುರೋಪಿನ ಕಲಾವಿದರು ಅರಬ್ ಹೆಂಗಸನ್ನು ಸುಂದರ ಗೊಂಬೆ ಮಾಡಿದರು ಅನ್ನುವಿರಿ, ಆದರೆ ನಿಮ್ಮ ಫೋಟೊದಲ್ಲೂ ಸುಂದರ ಹೆಂಗಸರೇ ಮಾತಿಲ್ಲದೆ ಒರಗಿದ್ದಾರಲ್ಲ? ಮುಸುಕು, ಮೆಹಂದಿ, ಅರಮನೆ, ಅರಬಿ ಲಿಪಿ... ಪಶ್ಚಿಮದ ಗ್ಯಾಲರಿಗಳಿಗೆ ಬೇಕಾದದ್ದೂ ಇದೇ ಅಲ್ವಾ? ಇವತ್ತು ಕಚೇರಿಗೆ ಹೋಗುವ, ಸ್ಕೂಟರ್ ಓಡಿಸುವ, ಮೊಬೈಲಿನಲ್ಲಿ ಜಗಳವಾಡುವ ಮೊರಾಕೊದ ಹೆಣ್ಣುಮಗಳು ಎಲ್ಲಿ?

ತಳ್ಳಿಹಾಕುವ ಮಾತಲ್ಲ ಇದು. ದೂರದಿಂದ ನೋಡಿ ‘ವಾವ್’ ಅಂದು ಹೋಗುವವರಿಗೆ ಎಸ್ಸಾಯ್ದಿ ಫೋಟೊ ಹಳೆಯ ಕನಸನ್ನೇ ಮತ್ತೊಮ್ಮೆ ಮಾರಬಹುದು. ಆ ಅಪಾಯ ಇದ್ದೇ ಇದೆ. ಆದರೆ ಅವರ ದಾರಿಯೇ ಅದು ಅಂತ ನನಗನ್ನಿಸುತ್ತೆ. ಚಂದ ಇರದಿದ್ದರೆ ನಾವು ನಿಲ್ಲುವುದೇ ಇಲ್ಲ. ನಿಂತು ಹತ್ತಿರ ಹೋದಾಗಲೇ ಒಡವೆ ಗುಂಡಾಗುತ್ತದೆ, ಕುಸುರಿ ಅಕ್ಷರವಾಗುತ್ತದೆ, ಬಟ್ಟೆ ಗೋಡೆಯಾಗುತ್ತದೆ. ಆಂಗ್ರ್ ಚಿತ್ರದ ಹೆಂಗಸಿಗೆ ಹೆಸರಿಲ್ಲ, ಊರಿಲ್ಲ, ಹೇಳಲು ಏನೂ ಇಲ್ಲ. ಇಲ್ಲಿರುವ ಹೆಂಗಸರು ಗಂಟೆಗಟ್ಟಲೆ ಕೂತು, ಒಪ್ಪಿ, ಜೊತೆಗೂಡಿ ಆ ಚಿತ್ರವನ್ನು ಕಟ್ಟಿದ್ದಾರೆ. ಈ ವ್ಯತ್ಯಾಸ ಚಿಕ್ಕದಲ್ಲ.

ಇವರನ್ನೂ ಹುಡುಕಿ ನೋಡಿ

ಎಸ್ಸಾಯ್ದಿ ಇಷ್ಟವಾದರೆ, ಮೊರಾಕೊದ ಇನ್ನೂ ಮೂವರ ಕೆಲಸ ನೋಡಬಹುದು.

*ಫರೀದ್ ಬೆಲ್ಕಾಹಿಯಾ (1934-2014):* ಕಾಸಾಬ್ಲಾಂಕಾದ ಕಲಾಶಾಲೆಯನ್ನು 1962ರಿಂದ 1974ರವರೆಗೆ ನಡೆಸಿದವರು. ಕ್ಯಾನ್ವಾಸ್, ಎಣ್ಣೆ ಬಣ್ಣ ಬಿಟ್ಟು ತಾಮ್ರ, ಚರ್ಮ, ಮೆಹಂದಿ, ಕೇಸರಿಯಂಥ ಊರಿನ ಸಾಮಗ್ರಿಗೆ ಮರಳಿದರು.

*ಹಸನ್ ಹಜ್ಜಾಜ್ (ಜನನ 1961):* ಲರಾಶ್‌ನಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದವರು. ಮರಕೇಶ್‌ನ ಬೈಕ್ ಓಡಿಸುವ ಹುಡುಗಿಯರ ‘ಕೆಶ್ ಏಂಜಲ್ಸ್’ ಫೋಟೊಗಳಿಂದ ಹೆಸರಾದರು. ಫೋಟೊದ ಸುತ್ತ ತಂಪು ಪಾನೀಯದ ಕ್ಯಾನು, ಡಬ್ಬಿಗಳನ್ನೇ ಜೋಡಿಸಿ ಚೌಕಟ್ಟು ಮಾಡುತ್ತಾರೆ. ಮೇಲೆ ಕೇಳಿದ ‘ಸ್ಕೂಟರ್ ಓಡಿಸುವ ಹೆಣ್ಣುಮಗಳು ಎಲ್ಲಿ’ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ!

*ಸಫಾ ಎರುವಾಸ್ (ಜನನ 1976):* ತೆತುವಾನ್‌ನವರು. ಬಿಳಿ ಬಣ್ಣ, ಸೂಜಿ, ದಾರ. ನೋಡಲು ಹತ್ತಿಯಷ್ಟು ಮೃದು, ಮುಟ್ಟಿದರೆ ಚುಚ್ಚುವಂಥ ಕೃತಿಗಳು.

ಈ ಮೂವರಲ್ಲೂ, ಎಸ್ಸಾಯ್ದಿಯವರಲ್ಲೂ ಒಂದು ಸಂಗತಿ ಸಮಾನ. ಮನೆಯಲ್ಲಿ, ಸಂತೆಯಲ್ಲಿ, ಹೊಲಿಗೆ ಪೆಟ್ಟಿಗೆಯಲ್ಲಿ ಇದ್ದ ವಸ್ತುವನ್ನೇ ಎತ್ತಿಕೊಂಡು ತಾವು ಯಾರು ಅಂತ ಹೇಳಿದ್ದಾರೆ. ಹೊರಗಿನವರು ಅಂಟಿಸಿದ ಹೆಸರಿನ ಚೀಟಿಗಿಂತ ಆ ವಸ್ತುಗಳಿಗೆ ಅವರ ಗುರುತು ಹೆಚ್ಚು ಗೊತ್ತು.

ಎಸ್ಸಾಯ್ದಿ ಅವರ ಫೋಟೊ ನೋಡುವಾಗ ಒಂದು ಸಲ ಫೋನ್ ಪಕ್ಕಕ್ಕಿಟ್ಟು ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಅರ್ಥ ಹುಡುಕಲು ಅವಸರ ಬೇಡ. ನಮ್ಮ ಮನೆಯ ಹಿರಿಯ ಹೆಂಗಸರು ಅಂಗೈ ತುಂಬಾ ಮದರಂಗಿ ಹಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದರಲ್ಲ, ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತು ಅಂತ ನಾವು ಕೇಳಿದ್ದು ಎಷ್ಟು ಸಲ?